ಜಾಝ್ ಗಿಟಾರಿನ ಪಿಕ್: ಮೊದಲು ನಾದ, ಆಮೇಲೆ ವೇಗ

ಜಾಝ್ ಗಿಟಾರ್ ಕಲಿಯಲು ಹೊರಟವರಿಗೆ ಬಹುಬೇಗ ಸಿಗುವ ಸಲಹೆಯೊಂದಿದೆ: ವೇಗ ಬೇಕಾದರೆ ಚಿಕ್ಕದಾದ, ದಪ್ಪನೆಯ, ಚೂಪು ಮೊನೆಯ ಪಿಕ್ ಹಿಡಿಯಿರಿ. ಡನ್‌ಲಪ್ ಕಂಪನಿಯ 1.38 ಮಿಲಿಮೀಟರ್ ದಪ್ಪದ ಪುಟ್ಟ ನೈಲಾನ್ ಪಿಕ್ 'ಜಾಝ್ 3' ಹೆಸರಾದದ್ದೂ ಈ ನಂಬಿಕೆಯ ಬಲದಿಂದಲೇ. ರಾಕ್ ಸಂಗೀತದ ವೇಗದ ವಾದಕರೂ ಅದನ್ನು ಮೆಚ್ಚಿ ಹಿಡಿದಿದ್ದಾರೆ. ಸಲಹೆ ಪೂರ್ತಿ ತಪ್ಪಲ್ಲ, ಆದರೆ ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ಅದು ತಲೆಕೆಳಗು ಮಾಡುತ್ತದೆ. ಪಿಕ್ಕನ್ನು ಆರಿಸಬೇಕಾದದ್ದು ನಾದಕ್ಕಾಗಿ. ವೇಗದ ಬಹುಪಾಲು ಪಿಕ್ಕಿನಿಂದಲ್ಲ, ಅದನ್ನು ಹಿಡಿಯುವ, ಓರೆಯಾಗಿಸುವ, ತಂತಿಯೊಳಕ್ಕೆ ಇಳಿಸುವ ಬಗೆಯಿಂದ ಬರುತ್ತದೆ.

ಜಾಝ್ ಚರಿತ್ರೆಯೇ ಇದಕ್ಕೆ ಸಾಕ್ಷಿ. 1934ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿಕೊಂಡ ಹಾಟ್ ಕ್ಲಬ್ ಪಂಚಕದಲ್ಲಿ ಜ್ಯಾಂಗೋ ರೈನ್‌ಹಾರ್ಟ್ ನುಡಿಸುತ್ತಿದ್ದದ್ದು ಆಂಪ್ಲಿಫೈಯರ್ ಇಲ್ಲದ ಗಿಟಾರ್. ಪಕ್ಕದಲ್ಲಿ ಸ್ಟೆಫಾನ್ ಗ್ರಾಪೆಲ್ಲಿಯ ಪಿಟೀಲು, ಹಿಂದೆ ತಾಳ ಹಿಡಿದ ಗಿಟಾರುಗಳು. ಅವುಗಳ ನಡುವೆ ಕೇಳಿಸಬೇಕಾದರೆ ತಂತಿಯನ್ನು ಬಲವಾಗಿ ಮೀಟಲೇಬೇಕು. ಹಾಗಾಗಿ ಜ್ಯಾಂಗೋ ಪರಂಪರೆ ಬಾಗದ, ದಪ್ಪ ಪಿಕ್ಕನ್ನು ನೆಚ್ಚಿಕೊಂಡಿತು. ಇಂದಿಗೂ ಅಲ್ಲಿ 3 ಮಿಲಿಮೀಟರ್ ಮೀರಿದ ಪಿಕ್ಕುಗಳು ಬಳಕೆಯಲ್ಲಿವೆ. ಇನ್ನೊಂದು ತುದಿಯಲ್ಲಿ ಪ್ಯಾಟ್ ಮೆಥೀನಿ ಇದ್ದಾರೆ. ಅವರದು ತೆಳು ಪಿಕ್. ಅದರಲ್ಲೂ ಮೊನೆಯನ್ನು ಬಿಟ್ಟು ದುಂಡನೆಯ ಮೂಲೆಯಿಂದ ಮೀಟುತ್ತಾರೆ. ಜೋ ಪಾಸ್ ಪಿಕ್ಕನ್ನು ಮುರಿದು ಅರ್ಧ ತುಂಡನ್ನಷ್ಟೇ ಬಳಸುತ್ತಿದ್ದರು. ವೆಸ್ ಮಾಂಟ್‌ಗೊಮೆರಿ ಪಿಕ್ಕನ್ನೇ ಬದಿಗಿಟ್ಟು, ಹೆಬ್ಬೆರಳೊಂದರಿಂದಲೇ ದ್ರುತಗತಿಯ ಸಾಲುಗಳನ್ನು ನುಡಿಸಿದರು. ನಾಲ್ವರ ವೇಗವೂ ಪ್ರಶ್ನಾತೀತ, ನಾಲ್ವರ ಸಾಧನವೂ ಬೇರೆ ಬೇರೆ. ಆದರೆ ಅವರ ನಾದವನ್ನು ಕೇಳಿದರೆ ಒಬ್ಬರನ್ನು ಇನ್ನೊಬ್ಬರೆಂದು ಭ್ರಮಿಸುವಂತೆಯೇ ಇಲ್ಲ.

ಬೀಬಾಪ್ ಎಂಬ ಜಾಝ್ ಶೈಲಿಯ, ನಿಮಿಷಕ್ಕೆ 240 ಬೀಟ್‌ಗಳ ಕೃತಿಯಲ್ಲಿ ಒಂದು ಬೀಟಿಗೆ ಎರಡು ಸ್ವರದಂತೆ ಸೆಕೆಂಡಿಗೆ ಎಂಟು ಸ್ವರ ಬರುತ್ತವೆ. 300ಕ್ಕೆ ಏರಿದರೆ ಹತ್ತು. ಈ ಗತಿಯಲ್ಲಿ ಕೈಯನ್ನು ತಡೆಯುವುದು ಯಾವುದು? ಪಿಕ್ಕಿನ ತುದಿ ತಂತಿಯ ಕೆಳಗೆ ಬೇಕಾದುದಕ್ಕಿಂತ ಆಳಕ್ಕೆ ಇಳಿದರೆ ಪ್ರತಿ ಸ್ವರಕ್ಕೂ ಅದನ್ನು ಎಳೆದು ಹೊರತೆಗೆಯಬೇಕಾಗುತ್ತದೆ. ಪಿಕ್ಕನ್ನು ತಂತಿಗೆ ಸಮಾನಾಂತರವಾಗಿ ಚಪ್ಪಟೆಯಾಗಿ ಹಿಡಿದರೆ ತಡೆ ಹೆಚ್ಚು. ತುಸು ಓರೆ ಮಾಡಿದರೆ ಅಂಚು ತಂತಿಯ ಮೇಲೆ ಜಾರಿ ದಾಟುತ್ತದೆ. ಎರಡೂ ಹಿಡಿತಕ್ಕೆ ಸೇರಿದ ಸಂಗತಿಗಳು. ಚಿಕ್ಕ ಪಿಕ್ಕಿನಲ್ಲಿ ಬೆರಳಿನಾಚೆಗೆ ಚಾಚುವ ಭಾಗ ಕಡಿಮೆ ಇರುವುದರಿಂದ ಆಳದ ತಪ್ಪು ತಾನಾಗಿಯೇ ತಗ್ಗುತ್ತದೆ. ಜಾಝ್ 3 ಹಿಡಿದ ಕೂಡಲೇ ವೇಗ ಹೆಚ್ಚಿದಂತೆ ಅನ್ನಿಸಲು ಇದು ಮುಖ್ಯ ಕಾರಣ. ದೊಡ್ಡ ಪಿಕ್ಕನ್ನು ತುದಿಯ ಹತ್ತಿರ ಹಿಡಿದವರಿಗೂ ಅದೇ ಲಾಭ ಸಿಗುತ್ತದೆ.

ದಪ್ಪ ಪಿಕ್ಕಿನ ಪರವಾಗಿ ಒಂದು ಗಟ್ಟಿ ವಾದ ಇದೆ, ಅದನ್ನು ಒಪ್ಪಲೇಬೇಕು. ತೆಳು ಪಿಕ್ ಮೊದಲು ಬಾಗಿ, ಆಮೇಲೆ ತಂತಿಯನ್ನು ಬಿಡುತ್ತದೆ. ಗಟ್ಟಿಯಾಗಿ ಮೀಟಿದಷ್ಟೂ ಆ ಬಾಗು ಹೆಚ್ಚುತ್ತದೆ, ಸ್ವರ ಹುಟ್ಟುವ ಕ್ಷಣ ಕೈಯ ಅಂಕೆಯಿಂದ ಅಷ್ಟಷ್ಟೇ ಜಾರುತ್ತದೆ. ನಮ್ಮ ಸರೋದ್ ವಾದಕರು 'ಜವಾ' ಎಂಬ ತೆಂಗಿನ ಚಿಪ್ಪಿನ ಗಟ್ಟಿ ಪಿಕ್ಕನ್ನು ನೆಚ್ಚುವುದಕ್ಕೂ ಇದೇ ತರ್ಕ ಹೊಂದುತ್ತದೆ. ಸರೋದಿನಲ್ಲಿ ರಾಜೀವ ತಾರಾನಾಥರ ಲಯಬದ್ಧ ಜೋಡ್-ಝಾಲಾ ಕೇಳಿದವರಿಗೆ ಬಾಗದ ಸಾಧನದ ಖಚಿತತೆ ಎಂಥದೆಂದು ಗೊತ್ತು. ಆದರೆ ಇಲ್ಲಿ ಗೆಲ್ಲುವುದು ದಪ್ಪವೇ ಹೊರತು ಚೂಪು ಮೊನೆಯಲ್ಲ. ಇವೆರಡನ್ನೂ ಒಂದೇ ಪೊಟ್ಟಣದಲ್ಲಿ ಕೊಳ್ಳುವ ಅಭ್ಯಾಸದಿಂದಲೇ ಗೊಂದಲ ಹುಟ್ಟಿದೆ. ಹಗುರ ಕೈಯಲ್ಲಿ ಮೀಟುವವರಿಗೆ ಮೆಥೀನಿಯಂತೆ ತೆಳು ಪಿಕ್ಕೂ ಒಗ್ಗುತ್ತದೆ.

ಮೊನೆ ನಿರ್ಧರಿಸುವುದು ನಾದವನ್ನು. ಚೂಪು ತುದಿ ತಂತಿಯನ್ನು ಒಂದೇ ಬಿಂದುವಿನಲ್ಲಿ ಎಳೆದು ಅಲ್ಲಿ ಮೊನಚು ಕೋನವೊಂದನ್ನು ಮೂಡಿಸುತ್ತದೆ. ಬಿಟ್ಟೊಡನೆ ಎತ್ತರದ ಹಾರ್ಮೋನಿಕ್‌ಗಳು ದಂಡಿಯಾಗಿ ಮೊಳಗುತ್ತವೆ. ದುಂಡು ತುದಿ ತುಸು ಅಗಲಕ್ಕೆ ತಾಗುವುದರಿಂದ ಆ ಕೋನ ಮೊಂಡಾಗುತ್ತದೆ, ಮೇಲಿನ ಹಾರ್ಮೋನಿಕ್‌ಗಳು ಸೊರಗಿ ಮೂಲ ಸ್ವರ ತುಂಬಿ ಬರುತ್ತದೆ. ಮೆತ್ತನೆಯ ಹೆಬ್ಬೆರಳಿನಿಂದ ಮಾಂಟ್‌ಗೊಮೆರಿಗೆ ದಕ್ಕಿದ ಬೆಚ್ಚನೆಯ ನಾದದ ಗುಟ್ಟೂ ಇದೇ. ಆಂಪ್ಲಿಫೈಯರಿನ ಟೋನ್ ಗುಂಡಿ ತಿರುಗಿಸಿದರೆ ಇದೆಲ್ಲ ಸರಿಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲ. ಗುಂಡಿ ಸ್ವರದ ಆದಿಯಿಂದ ಅಂತ್ಯದವರೆಗೂ ಎತ್ತರದ ಹಾರ್ಮೋನಿಕ್‌ಗಳನ್ನು ಒಂದೇ ಸಮ ತಗ್ಗಿಸುತ್ತದೆ. ಪಿಕ್ ಬದಲಿಸುವುದು ಸ್ವರದ ಹುಟ್ಟನ್ನು. ಚೂಪು ಪಿಕ್ಕಿನ ಟಕ್ ಸದ್ದನ್ನು ಮುಚ್ಚಲು ಗುಂಡಿಯನ್ನು ಪೂರ್ತಿ ಇಳಿಸಿದರೆ ಉಳಿಯುವುದು ಮಂಕು, ಮಾಧುರ್ಯವಲ್ಲ. ಸ್ವಿಂಗ್ ಲಯದ ಜೀವ ಇರುವುದು ಪ್ರತಿ ಸ್ವರದ ಆರಂಭದ ತೂಕದಲ್ಲಿ, ಆದ್ದರಿಂದ ಈ ನಷ್ಟ ಸಣ್ಣದೇನಲ್ಲ.

ಹಳಬರು ಕೊಂಡಾಡುವ ಆಮೆಚಿಪ್ಪಿನ ಪಿಕ್ಕಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಅಳಿವಿನಂಚಿನ ಕಡಲಾಮೆಯ ಚಿಪ್ಪು, ಅದರ ಅಂತರರಾಷ್ಟ್ರೀಯ ವ್ಯಾಪಾರ ನಿಷಿದ್ಧ. ನೈಲಾನ್, ಸೆಲ್ಯುಲಾಯ್ಡ್‌ಗಳ ವ್ಯತ್ಯಾಸ ಕಿವಿಗೆ ಸಿಗುತ್ತದಾದರೂ ಮೊನೆಯ ಆಕಾರದಷ್ಟು ದೊಡ್ಡದಲ್ಲ. ಡನ್‌ಲಪ್‌ನ ಅದೇ ಸರಣಿಯಲ್ಲಿ ಜಾಝ್ 1ರ ಮೊನೆ ದುಂಡಗಿದೆ, ಜಾಝ್ 2ರದು ನಡುವಿನದು. ಮೂರರಲ್ಲೂ ಒಂದೇ ಸಾಲನ್ನು ಮೊದಲು ನಿಧಾನಗತಿಯಲ್ಲಿ ನುಡಿಸಿ ಧ್ವನಿಮುದ್ರಿಸಿಕೊಳ್ಳುವುದು ಒಳ್ಳೆಯದು, ವೇಗದಲ್ಲಿ ನಾದದ ಒರಟು ಮರೆಯಾಗಿಬಿಡುತ್ತದೆ. ಕಿವಿ ಒಪ್ಪಿದ ಪಿಕ್ಕನ್ನೇ ತುದಿಯ ಹತ್ತಿರ, ಓರೆಯಾಗಿ ಹಿಡಿದು ಮೆಲ್ಲಗೆ ಗತಿ ಏರಿಸಬೇಕು. ಆಗಲೂ ಸ್ವರಗಳು ಒಂದಕ್ಕೊಂದು ಅಂಟಿಕೊಂಡರೆ ಒಂದು ಹೆಜ್ಜೆ ಚೂಪಿನ ಕಡೆ ಸರಿಯಬಹುದು, ಅಥವಾ ಚೂಪು ಪಿಕ್ಕೊಂದರ ತುದಿಯನ್ನು ಸಣ್ಣ ಉಪ್ಪುಕಾಗದದಿಂದ ತಿಕ್ಕಿ ತನಗೆ ಬೇಕಾದಷ್ಟು ದುಂಡಗಾಗಿಸಿಕೊಳ್ಳಬಹುದು.