ಮಗುವಿನೊಡನೆ ಸಾಗಲಿ ಕೃತಿ ಸಂಪುಟ

ವಿದ್ಯಾರ್ಥಿಯ ಬರಹ, ಚಿತ್ರ, ಲೆಕ್ಕದ ಹಾಳೆಗಳನ್ನು ಒಂದೆಡೆ ಕೂಡಿಟ್ಟು ಅವುಗಳಿಂದಲೇ ಕಲಿಕೆಯನ್ನು ಅಳೆಯುವ ಕ್ರಮ ಕರ್ನಾಟಕಕ್ಕೆ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ಯು ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಯುತ್ತದೆಂಬ ತತ್ವವನ್ನು ಸರ್ಕಾರಿ ಶಾಲೆಗೆ ತಂದಿತು. 2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೊಂಡು, ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಕಡ್ಡಾಯವಾದ ಬಳಿಕ ‘ಕೃತಿ ಸಂಪುಟ’ವೆಂಬುದು ಶಿಕ್ಷಕರ ನಿತ್ಯದ ಮಾತಾಯಿತು. ಈಗ ಈ ಸಂಪುಟವನ್ನು ಡಿಜಿಟಲ್ ರೂಪಕ್ಕೆ ತರುವ ಮಾತು ಕೇಳಿಬರುತ್ತಿದೆ. ಇದರಿಂದ ಲಾಭ ಯಾರಿಗೆ?

ಉತ್ತರಕ್ಕಾಗಿ ಮಹಾನಗರದ ಖಾಸಗಿ ಶಾಲೆಗಳತ್ತ ನೋಡಬೇಕಿಲ್ಲ. ಕೊಡಗಿನಲ್ಲಿ ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಸಾಗುವ ದಾರಿಯಲ್ಲಿರುವ ಬಿಟ್ಟಂಗಾಲದಂತಹ ಊರುಗಳ ಸುತ್ತ ಕಾಫಿ ತೋಟಗಳಿವೆ. ಅಲ್ಲಿನ ಲೈನ್ ಮನೆಗಳ ಕಾರ್ಮಿಕ ಕುಟುಂಬಗಳು ಕೆಲಸವನ್ನರಸಿ ತೋಟದಿಂದ ತೋಟಕ್ಕೆ ಹೋಗುವುದುಂಟು. ಕಾಫಿ ಕೊಯ್ಲು ನಡೆಯುವುದಾದರೂ ಬಹುತೇಕ ಡಿಸೆಂಬರಿನಿಂದ ಮಾರ್ಚಿಯವರೆಗೆ, ಅಂದರೆ ಶಾಲಾ ವರ್ಷದ ಕೊನೆಯ ತಿಂಗಳುಗಳಲ್ಲಿ.

ಹೀಗೆ ಶಾಲೆ ಬದಲಿಸುವ ಮಗುವಿನ ಕೈಯಲ್ಲಿರುವುದು ವರ್ಗಾವಣೆ ಪತ್ರ. ದಾಖಲಾತಿ ಮತ್ತು ಫಲಿತಾಂಶದ ವಿವರ ‘ಸ್ಯಾಟ್ಸ್’ ತಂತ್ರಾಂಶದಲ್ಲಿ ಸಿಗುತ್ತದೆ. ಆದರೆ ಮಗು ಎಷ್ಟು ಸರಾಗವಾಗಿ ಓದಬಲ್ಲದು, ಕಳೆಯುವ ಲೆಕ್ಕದಲ್ಲಿ ಎಲ್ಲಿ ಎಡವುತ್ತದೆ, ಮನೆಯಲ್ಲಿ ಯರವ ನುಡಿಯಾಡುವ ಮಗು ಕನ್ನಡ ಬರವಣಿಗೆಯಲ್ಲಿ ಎಷ್ಟು ಮುಂದೆ ಬಂದಿದೆ ಎಂಬುದನ್ನು ಹೇಳುವ ಹಾಳೆಗಳು ಹಳೆಯ ಶಾಲೆಯ ಕಪಾಟಿನಲ್ಲೇ ಉಳಿದರೆ, ಹೊಸ ಶಿಕ್ಷಕಿ ಮೊದಲಿನಿಂದಲೇ ಆರಂಭಿಸಬೇಕಾಗುತ್ತದೆ. ಡಿಜಿಟಲ್ ಸಂಪುಟಕ್ಕೆ ನಿಜವಾದ ಸಮರ್ಥನೆ ಇರುವುದು ಇಲ್ಲಿ.

ಆದರೆ ಶಿಕ್ಷಕರ ಸಮಯಕ್ಕೂ ಬೆಲೆಯಿದೆ. ಅರ್ಥಶಾಸ್ತ್ರದಲ್ಲಿ ಇದನ್ನು ‘ಅವಕಾಶ ವೆಚ್ಚ’ ಎನ್ನುತ್ತೇವೆ. ದಾಖಲೆ ತುಂಬಲು ವ್ಯಯಿಸಿದ ಪ್ರತಿ ಗಂಟೆಯೂ ಪಾಠದಿಂದ ಕಸಿದ ಗಂಟೆಯೇ. ಹಾಜರಾತಿ, ಬಿಸಿಯೂಟ, ಸಮೀಕ್ಷೆಗಳ ಜೊತೆಗೆ ಪ್ರತಿ ಹಾಳೆಯ ಛಾಯಾಚಿತ್ರವನ್ನೂ ಕಳುಹಿಸಬೇಕೆಂಬ ಸುತ್ತೋಲೆ ಹೊರಟರೆ, ಮಕ್ಕಳ ಕೃತಿಗಳ ಬದಲು ಶಿಕ್ಷಕರ ಕೃತಿಗಳೇ ಸಂಪುಟ ಸೇರಿಯಾವು!

ಆದ್ದರಿಂದ ಮಿತಿ ಅಗತ್ಯ. ಅರ್ಧ ವರ್ಷಕ್ಕೆ ಮೂರು ಕೃತಿಗಳು ಸಾಕು. ಒಂದನ್ನು ಮಗುವೇ ಆರಿಸಲಿ, ಎರಡನ್ನು ಶಿಕ್ಷಕರು ಆರಿಸಿ ಎರಡು ಸಾಲಿನ ಟಿಪ್ಪಣಿ ಬರೆಯಲಿ. ಕೊಡಗಿನ ಮಳೆಗಾಲದಲ್ಲಿ ವಿದ್ಯುತ್ತು, ಮೊಬೈಲ್ ಸಂಪರ್ಕ ಕೈಕೊಡುವುದು ಎಲ್ಲರಿಗೂ ತಿಳಿದದ್ದೇ. ಮಾಹಿತಿ ಮೊದಲು ಉಪಕರಣದಲ್ಲೇ ಉಳಿದು, ಸಂಪರ್ಕ ದೊರೆತಾಗ ರವಾನೆಯಾಗುವಂತಿರಬೇಕು. ಆ ಉಪಕರಣವನ್ನು ಇಲಾಖೆಯೇ ಒದಗಿಸಬೇಕು. ಶಿಕ್ಷಕರ ಸ್ವಂತ ಫೋನನ್ನು ಅವಲಂಬಿಸುವುದು ನ್ಯಾಯವಲ್ಲ. ಹದಿನೆಂಟು ವರ್ಷ ತುಂಬದವರ ವೈಯಕ್ತಿಕ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂಬ ತತ್ವವನ್ನು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಎತ್ತಿಹಿಡಿದಿದೆ. ಅಕ್ಷರ ಬಾರದ ತಾಯಿಗೆ ವಿಷಯ ತಿಳಿಸಿ ಹೇಳದೆ ಪಡೆದ ಹೆಬ್ಬೆಟ್ಟು ಒಪ್ಪಿಗೆಯಾಗದು. ಶಾಲೆಗಳಿಗೆ ಶ್ರೇಣಿ ನೀಡಲು ಈ ಸಂಪುಟವನ್ನು ಎಂದೂ ಬಳಸಕೂಡದು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಮಗ್ರ ಪ್ರಗತಿ ಪತ್ರವನ್ನು ಸೂಚಿಸಿತು. ರಾಜ್ಯವು ತನ್ನದೇ ನೀತಿಗಾಗಿ 2023ರಲ್ಲಿ ಆಯೋಗ ರಚಿಸಿತು. ನೀತಿ ಯಾವುದೇ ಇರಲಿ, ತೋಟ ಬದಲಿಸಿದ ಮಗು ಹೊಸ ಶಾಲೆಯ ಹೊಸ್ತಿಲು ತುಳಿದ ದಿನವೇ ಅಲ್ಲಿನ ಶಿಕ್ಷಕಿಗೆ ಅದರ ಕೈಬರಹ ಕಾಣಸಿಗಬೇಕು.