ಬೆರಳ ಬುಡದಲ್ಲಿ ಸಿಲಿಕೋನ್

ಮೇಜಿನ ಮೇಲೆ ಅಂಗೈ ಕೆಳಗೆ ಮಾಡಿ ಚಾಚಿದ ಬಲಗೈ. ನಾಲ್ಕೂ ಬೆರಳುಗಳು ಗಾಳಿಗೆ ಒರಗಿದ ಜೋಳದ ದಂಟಿನಂತೆ ಕಿರುಬೆರಳ ಕಡೆಗೇ ವಾಲಿವೆ. ಬುಡದ ಗೆಣ್ಣುಗಳು ಮೇಲೆದ್ದಿವೆ, ಬೆರಳುಗಳು ಅವುಗಳ ಕೆಳಗೆ ಅಂಗೈ ಕಡೆಗೆ ಜಾರಿವೆ. "ಬೆರಳು ಮೇಲೆತ್ತಿ ಅಮ್ಮ" ಎಂದರೆ ಅವು ತುಸು ಅಲುಗುತ್ತವೆ, ಏಳುವುದಿಲ್ಲ.

"ಬಳೆ ಏರಿಸೋದು ಬಿಟ್ಟು ಎಷ್ಟೋ ವರ್ಷ ಆಯ್ತು ಡಾಕ್ಟ್ರೇ. ಅದು ಹೋಗ್ಲಿ. ಲೋಟ ಹಿಡಿಯೋಣ ಅಂದ್ರೆ ಬೆರಳೇ ಬಿಚ್ಚಲ್ಲ."

ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಸಂಧಿವಾತದ ಕೈಚಳಕ ಇದು. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಊದಿದ ಪೊರೆ ಮೃದ್ವಸ್ಥಿಯನ್ನು ತಿನ್ನುತ್ತದೆ, ಕೀಲನ್ನು ಹಿಡಿದ ಕಟ್ಟುಗಳು ಸಡಿಲವಾಗುತ್ತವೆ, ಬೆರಳನ್ನು ಎತ್ತುವ ನರದಂಥ ಸ್ನಾಯುರಜ್ಜು ಗೆಣ್ಣಿನ ನೆತ್ತಿಯಿಂದ ಪಕ್ಕದ ತಗ್ಗಿಗೆ ಜಾರಿ ಕೂರುತ್ತದೆ. ಇಂಥ ಬೆರಳುಗಳಿಗೆ ಆಪರೇಷನ್ ಮಾಡಿ ಹೊಸ ಕೀಲು ಹಾಕಬಹುದು. ಆದರೆ ಕೈ ನೋಡುವ ಮುಂಚೆ ವೈದ್ಯರು ಮಣಿಕಟ್ಟು ನೋಡುತ್ತಾರೆ. ಅದು ಸೊಟ್ಟಗಿದ್ದರೆ ಮೊದಲು ಅದನ್ನು ಸರಿಪಡಿಸಬೇಕು, ಇಲ್ಲದಿದ್ದರೆ ಹೊಸ ಕೀಲೂ ಮತ್ತೆ ಅತ್ತಲೇ ವಾಲುತ್ತದೆ. ಕತ್ತಿನ ಎಕ್ಸ್-ರೇ ಕೂಡ ಬೇಕು. ಈ ಕಾಯಿಲೆ ಕತ್ತಿನ ಮೂಳೆಗಳನ್ನೂ ಸಡಿಲಿಸಿರಬಹುದು, ಅರಿವಳಿಕೆ ಕೊಡುವವರಿಗೆ ಅದು ಮೊದಲೇ ತಿಳಿದಿರಬೇಕು.

ಥಿಯೇಟರಿನಲ್ಲಿ ಸಾಮಾನ್ಯವಾಗಿ ಕೈ ಮಾತ್ರ ಮರಗಟ್ಟಿಸುತ್ತಾರೆ. ರಕ್ತ ಬಾರದಂತೆ ತೋಳಿಗೆ ಗಾಳಿ ತುಂಬುವ ಪಟ್ಟಿ. ಗೆಣ್ಣುಗಳ ಮೇಲೆ ಅಡ್ಡಲಾಗಿ ಚರ್ಮ ಸೀಳಿ, ಕೆಟ್ಟ ಪೊರೆ ಕೆರೆದು, ಸವೆದ ಮೂಳೆಯ ತುದಿಯನ್ನು ಪುಟ್ಟ ಗರಗಸದಿಂದ ಕತ್ತರಿಸುತ್ತಾರೆ. ಎರಡೂ ಕಡೆಯ ಮೂಳೆಯೊಳಗೆ ರಂಧ್ರ ಕೊರೆದು ಅಳತೆ ನೋಡುತ್ತಾರೆ. ಆಮೇಲೆ ಬರುವುದು ಸಿಲಿಕೋನ್ ತುಂಡು: ನಡುವೆ ಬಾಗುವ ಮಡಿಕೆ, ಎರಡು ಕಡೆ ಕಡ್ಡಿಯಂಥ ಕಾಲು. ಅದನ್ನು ಮೊಂಡು ಚಿಮಟದಲ್ಲೇ ಹಿಡಿಯಬೇಕು. ಚೂಪು ತಾಗಿ ಗೀರು ಬಿದ್ದರೆ ಬಿರುಕು ಅಲ್ಲಿಂದಲೇ ಶುರು. ಸಿಮೆಂಟೂ ಇಲ್ಲ, ಸ್ಕ್ರೂ ಕೂಡ ಇಲ್ಲ. ಕಾಲುಗಳು ಮೂಳೆಯೊಳಗೆ ಕೊಂಚ ಹಿಂದೆ ಮುಂದೆ ಜಾರುತ್ತಲೇ ಇರುತ್ತವೆ. ಸುತ್ತ ದೇಹವೇ ಒಂದು ಗಟ್ಟಿ ಚೀಲ ಕಟ್ಟಿಕೊಳ್ಳುತ್ತದೆ, ನಿಜವಾದ ಕೀಲು ಅದೇ.

1959ರಲ್ಲಿ ಅಮೆರಿಕದಲ್ಲಿ ವರದಿಯಾದ ಬೆರಳ ಕೀಲು ಲೋಹದ ತಿರುಗಣಿಯಾಗಿತ್ತು. ಬಗ್ಗುವ ಸಿಲಿಕೋನನ್ನು 1960ರ ದಶಕದಲ್ಲಿ ತಂದವರು ಮಿಶಿಗನ್‌ನ ಗ್ರ್ಯಾಂಡ್ ರಾಪಿಡ್ಸ್‌ನ ಡಾ. ಆಲ್ಫ್ರೆಡ್ ಸ್ವಾನ್ಸನ್. ಆಮೇಲೆ ಬೇರೆ ವಸ್ತುಗಳೂ ಬಂದವು, ಸಂಧಿವಾತದ ಕೈಗೆ ಇಂದಿಗೂ ಹೆಚ್ಚು ಹಾಕುವುದು ಸಿಲಿಕೋನನ್ನೇ.

ಕೊನೆಯಲ್ಲಿ ಜಾರಿದ ಸ್ನಾಯುರಜ್ಜನ್ನು ಮತ್ತೆ ಗೆಣ್ಣಿನ ನೆತ್ತಿಗೆ ತಂದು ಹೊಲಿಯುತ್ತಾರೆ. ಇಲ್ಲಿಗೆ ಅರ್ಧ ಕೆಲಸ ಮುಗಿಯಿತು ಅಷ್ಟೆ.

ಉಳಿದರ್ಧ ಥೆರಪಿಯ ಕೋಣೆಯಲ್ಲಿ. ಮುಂಗೈಗೆ ಪ್ಲಾಸ್ಟಿಕ್ ಸ್ಪ್ಲಿಂಟ್, ಅದರ ಮೇಲೆ ಕಮಾನಿನಂತೆ ತಂತಿ, ತಂತಿಯಿಂದ ಒಂದೊಂದು ಬೆರಳಿಗೂ ರಬ್ಬರ್ ಬ್ಯಾಂಡಿನ ಜೋಲಿ. ಬೆರಳನ್ನು ರೋಗಿಯೇ ಮಡಚಬೇಕು. ರಬ್ಬರ್ ಅದನ್ನು ಮೇಲಕ್ಕೆ, ಹೆಬ್ಬೆರಳ ಕಡೆಗೆ ವಾಪಸ್ ಎಳೆಯುತ್ತದೆ. "ಇನ್ನೊಂದ್ಸಲ ಅಮ್ಮ, ನಿಧಾನ." ಸಾಮಾನ್ಯವಾಗಿ ಹಗಲೆಲ್ಲ ಹೀಗೇ ಆರು ವಾರ, ರಾತ್ರಿಯ ಸ್ಪ್ಲಿಂಟ್ ಅದಕ್ಕಿಂತ ಹೆಚ್ಚು ಕಾಲ. ಇದಕ್ಕೆ ಬೇಸರಪಟ್ಟವರ ಆಪರೇಷನ್ ದಂಡವೆಂದೇ ನನ್ನೆಣಿಕೆ.

ಹಿಡಿತದ ಬಲ ಹೆಚ್ಚುತ್ತದೆಂದು ಆಸೆ ಇಟ್ಟುಕೊಳ್ಳಬಾರದು, ಬಟ್ಟೆ ಹಿಂಡುವ ಕೈ ಮರಳಿ ಬರುವುದಿಲ್ಲ. ನೋವು ಇಳಿಯುತ್ತದೆ, ಬೆರಳು ನೆಟ್ಟಗಾಗುತ್ತದೆ, ಲೋಟ ಹಿಡಿಯುವಷ್ಟು ಬಿಚ್ಚುತ್ತದೆ. ವರ್ಷಗಳು ಕಳೆದಂತೆ ಸಿಲಿಕೋನ್ ಮುರಿಯುವುದೂ ಉಂಟು. ಎಷ್ಟೋ ಜನರಲ್ಲಿ ಮುರಿದ ಮೇಲೂ ಬೆರಳು ಕೆಲಸ ಮಾಡುತ್ತಲೇ ಇರುತ್ತದೆ.

ಮೆಥೊಟ್ರೆಕ್ಸೇಟ್‌ನಂಥ ಔಷಧಿ ಹೊತ್ತಿಗೆ ಸರಿಯಾಗಿ ಸಿಕ್ಕವರಲ್ಲಿ ಕೈ ಈ ಮೇಜಿನವರೆಗೆ ಬರುವುದು ಈಗ ಕಡಿಮೆಯಾಗಿದೆ. ಹಾಗಾಗಿ ಬೆಳಗ್ಗೆ ಎದ್ದಾಗ ಎರಡೂ ಕೈಯ ಗೆಣ್ಣುಗಳು ಊದಿ ತಾಸುಗಟ್ಟಲೆ ಬಿಗಿದುಕೊಳ್ಳುವುದು ಕೆಲವು ವಾರ ಮುಂದುವರಿದರೆ, ಎಣ್ಣೆ ತಿಕ್ಕುತ್ತಾ ಕೂರಬೇಡಿ. ರುಮಟಾಲಜಿಸ್ಟರಿಗೆ ತೋರಿಸಿ.