ಕಿರುಚುವ ಪಟ್ಟಿ, ಮಂಕಾಗುವ ದೀಪ

ಕಳೆದ ಮಳೆಗಾಲದ ಒಂದು ಸಂಜೆ ನಾನು ತಾಯಿಯವರೊಡನೆ ನಮ್ಮ ಹಳೆಯ ಕಾರಿನಲ್ಲಿ ಹಾಸನದಿಂದ ಮಂಗಳೂರಿಗೆ ಹೊರಟಿದ್ದೆನು. ಸಕಲೇಶಪುರವನ್ನು ಸಮೀಪಿಸುವ ವೇಳೆಗೆ ಕತ್ತಲೆ ಕವಿದು, ಮಳೆಯೂ ಬಲವಾಯಿತು. ಮುಂದಿನ ದೀಪಗಳನ್ನು ಹೊತ್ತಿಸಿದೊಡನೆಯೇ ಎಂಜಿನಿನ ಕಡೆಯಿಂದ ಕರ್ಕಶವಾದ ಕಿರುಚು ಹೊರಟಿತು. ಬ್ಯಾಟರಿಯ ಚಿತ್ರವುಳ್ಳ ಕೆಂಪು ದೀಪ ಮಿನುಗಿತು. ಕ್ರಮೇಣ ದಾರಿಯ ಮೇಲಿನ ಬೆಳಕು ಮಂಕಾಗತೊಡಗಿತು. ಎದುರಿಗೆ ಶಿರಾಡಿ ಘಾಟಿಯ ತಿರುವುಗಳು. ಮುಂದೆ ಹೋಗುವುದೋ, ನಿಲ್ಲುವುದೋ?

ಒಂದು ತಿಂಗಳ ಹಿಂದೆ ಇದೇ ಕಾರು ಬೆಳಗ್ಗೆ ಹೊರಡದೆ ಹೋದಾಗ, “ಬ್ಯಾಟರಿ ಸತ್ತಿದೆ” ಎಂದು ಒಬ್ಬರು ಹೇಳಿದ್ದನ್ನು ನಂಬಿ ಹೊಸದನ್ನು ಕೊಂಡಿದ್ದೆನು. ಭೌತವಿಜ್ಞಾನವನ್ನು ಬೋಧಿಸುವವನಾಗಿದ್ದೂ ಅಂದು ನಾನು ಒಂದೇ ಒಂದು ಅಳತೆಯನ್ನೂ ಮಾಡಿರಲಿಲ್ಲ.

ಬ್ಯಾಟರಿಯು ವಿದ್ಯುತ್ತಿನ ಕಣಜವೇ ಹೊರತು ಅದನ್ನು ಬೆಳೆಯುವ ಹೊಲವಲ್ಲ. ಕಣಜವನ್ನು ತುಂಬುವ ಕೆಲಸ ಆಲ್ಟರ್ನೇಟರ್ ಎಂಬ ವಿದ್ಯುಜ್ಜನಕದ್ದು. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ತತ್ತ್ವ. ಒಳಗೆ ತಿರುಗುವ ಕಾಂತವು ಸುತ್ತಲಿನ ತಂತಿಯ ಸುರುಳಿಗಳಲ್ಲಿ ಪರ್ಯಾಯ ವಿದ್ಯುತ್ತನ್ನು ಹುಟ್ಟಿಸುತ್ತದೆ. ಡಯೋಡುಗಳು ಅದನ್ನು ಏಕಮುಖ ಪ್ರವಾಹವನ್ನಾಗಿ ಮಾರ್ಪಡಿಸುತ್ತವೆ. ಕಾಂತವನ್ನು ತಿರುಗಿಸುವುದು ಎಂಜಿನ್. ನಮ್ಮ ಕಾರಿನಲ್ಲಿ ಇವೆರಡಕ್ಕೂ ನಡುವಣ ನಂಟು ಒಂದು ರಬ್ಬರಿನ ಪಟ್ಟಿ ಮಾತ್ರ.

ದೀಪ ಹೊತ್ತಿಸಿದಾಗಲೇ ಕಿರುಚು ಹುಟ್ಟಿದ್ದೇಕೆ? 1834ರಲ್ಲಿ ಲೆಂಜ್ ತಿಳಿಸಿದ ನಿಯಮದಂತೆ, ಪ್ರೇರಿತ ಪ್ರವಾಹವು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ಎದುರಿಸುತ್ತದೆ. ಪ್ರವಾಹ ಹೆಚ್ಚಿದಷ್ಟೂ ಕಾಂತವನ್ನು ತಿರುಗಿಸುವುದು ಕಷ್ಟ. ದೀಪ, ಗಾಜನ್ನು ಒರೆಸುವ ಕಡ್ಡಿ, ಗಾಳಿಯಂತ್ರ ಎಲ್ಲವೂ ಸೇರಿ 25 ಆಂಪಿಯರ್ ಬೇಡುತ್ತವೆಂದು ಇಟ್ಟುಕೊಳ್ಳೋಣ. 14 ವೋಲ್ಟಿನಲ್ಲಿ ಇದು 350 ವ್ಯಾಟ್. ಆಲ್ಟರ್ನೇಟರಿನಲ್ಲಿ ಅರ್ಧದಷ್ಟು ಶಕ್ತಿ ನಷ್ಟವಾಗುವುದಾದರೆ, ಪಟ್ಟಿಯು ಸುಮಾರು 700 ವ್ಯಾಟ್, ಎಂದರೆ ಹೆಚ್ಚುಕಡಿಮೆ ಒಂದು ಅಶ್ವಶಕ್ತಿಯನ್ನು ಸಾಗಿಸಬೇಕು!

ಇದನ್ನು ಸಾಗಿಸುವುದು ಘರ್ಷಣೆ. ಮೊಂಡ ಹಸುವಿನ ಹಗ್ಗವನ್ನು ಕಂಬಕ್ಕೆ ಸುತ್ತಿ ಹಿಡಿದರೆ ಸಣ್ಣ ಹುಡುಗನೂ ಅದನ್ನು ತಡೆದು ನಿಲ್ಲಿಸಬಲ್ಲನಲ್ಲವೆ? ಇದರ ಗಣಿತವನ್ನು 18ನೆಯ ಶತಮಾನದಲ್ಲಿ ಆಯ್ಲರ್ ವಿವರಿಸಿದನು. ಗಾಲಿಗೆ ಅರ್ಧ ಸುತ್ತು ಬಳಸಿದ ಪಟ್ಟಿಯ ಪರಿಣಾಮಕ ಘರ್ಷಣಾಂಕ 0.9 ಆದರೆ, ಜಾರದೆ ನಿಲ್ಲುವಾಗ ಅದರ ಎರಡು ಪಕ್ಕಗಳ ಬಿಗಿತಗಳ ಅನುಪಾತ 17ರವರೆಗೆ ಇರಬಹುದು. ನೀರು ಬಿದ್ದು ಘರ್ಷಣಾಂಕ 0.3ಕ್ಕೆ ಇಳಿದರೆ ಆ ಮಿತಿ ಕೇವಲ ಎರಡೂವರೆ! ಪಟ್ಟಿ ಮೊದಲೇ ಸಡಿಲವಾಗಿದ್ದರಂತೂ ಜಾರುವುದು ನಿಶ್ಚಯ. ಅದು ಒಂದೇ ಸಮನಾಗಿ ಜಾರದೆ, ಕ್ಷಣ ಹಿಡಿದು ಕ್ಷಣ ಜಾರುತ್ತದೆ. ಪಿಟೀಲಿನ ಕಮಾನು ತಂತಿಯನ್ನು ಮಿಡಿಯುವುದೂ ಹೀಗೆಯೇ. ಇಲ್ಲಿ ಮಾತ್ರ ಸಂಗೀತವಿಲ್ಲ.

ನಮ್ಮ ಬ್ಯಾಟರಿಯ ಸಾಮರ್ಥ್ಯ 35 ಆಂಪಿಯರ್-ಗಂಟೆ. ಪೂರ್ಣ ತುಂಬಿದ್ದರೂ 25 ಆಂಪಿಯರಿನಂತೆ 84 ನಿಮಿಷ ಮಾತ್ರ. ದೀಪ ಆಗಲೇ ಮಂಕಾಗಿತ್ತು. ಈ ಲೆಕ್ಕವೇ ತೀರ್ಮಾನವನ್ನು ಹೇಳಿತು. ನಾವು ಆ ರಾತ್ರಿ ಸಕಲೇಶಪುರದಲ್ಲಿಯೇ ತಂಗಿದೆವು.

ಬೆಳಗ್ಗೆ ವೋಲ್ಟ್‌ಮಾಪಕವನ್ನು ಜೋಡಿಸಿ ನೋಡಿದೆನು. ಸುಸ್ಥಿತಿಯ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಬೇಕು. ಎಂಜಿನ್ ನಡೆಯುವಾಗ ಸಾಮಾನ್ಯವಾಗಿ 13.8ರಿಂದ 14.5. ನಮ್ಮದು ವಿಶ್ರಾಂತಿಯಲ್ಲಿ 12.2, ಎಂಜಿನ್ ನಡೆಸಿ ದೀಪ ಹೊತ್ತಿಸಿದಾಗ ಕಿರುಚಿನೊಡನೆ 11.9! ಎಂಜಿನನ್ನು ನಿಲ್ಲಿಸಿ, ಹೊಂದಿಕೆಯ ಬೋಲ್ಟನ್ನು ಸಡಿಲಿಸಿ, ಪಟ್ಟಿಯನ್ನು ಬಿಗಿದು ಮತ್ತೆ ನಡೆಸಿದೆನು. ಕಿರುಚು ಅಡಗಿತು, ಮಾಪಕ 14.2 ತೋರಿತು. ಹಿಂದಿನ ಬ್ಯಾಟರಿಯೂ ಬಹುಶಃ ಸತ್ತಿರಲಿಲ್ಲ, ಹಸಿದಿತ್ತಷ್ಟೆ.

ವಿದ್ಯಾರ್ಥಿಗಳು ಈ ಕ್ರಮವನ್ನು ನೆನಪಿಡಬಹುದು. ಹೊರೆ ಹೆಚ್ಚಿದಾಗ ಕಿರುಚು ಹೆಚ್ಚಿ ವೋಲ್ಟೇಜು ಇಳಿದರೆ ಮೊದಲು ಪಟ್ಟಿಯನ್ನು ಶಂಕಿಸಬೇಕು. ಸದ್ದಿಲ್ಲದೆ ವೋಲ್ಟೇಜು ಇಳಿದರೆ ಕುಂಚ, ನಿಯಂತ್ರಕ, ಡಯೋಡು ಅಥವಾ ಸಡಿಲವಾದ ತಂತಿಯನ್ನು ಪರೀಕ್ಷಿಸಬೇಕು. ವೋಲ್ಟೇಜು ಸರಿಯಿದ್ದು ಗರಗರ ಸದ್ದು ಮಾತ್ರ ಬರುತ್ತಿದ್ದರೆ ಬೇರಿಂಗು ಸವೆದಿರಬಹುದು. ಪಟ್ಟಿಯನ್ನು ಅತಿಯಾಗಿ ಬಿಗಿದರೂ ಬೇರಿಂಗು ಹಾಳಾಗುತ್ತದೆ. ಹೊಳಪೇರಿದ, ಬಿರುಕುಬಿಟ್ಟ ಪಟ್ಟಿಯನ್ನು ಬದಲಾಯಿಸುವುದೇ ಲೇಸು. ಕೆಲವು ಕಾರುಗಳಲ್ಲಿ ಇದೇ ಪಟ್ಟಿ ನೀರಿನ ಪಂಪನ್ನೂ ತಿರುಗಿಸುವುದರಿಂದ, ಅದು ಹರಿದರೆ ಎಂಜಿನ್ ಕುದಿಯುತ್ತದೆ. ಎಂಜಿನ್ ನಡೆಯುವಾಗ ಪಟ್ಟಿಯ ಬಳಿಗೆ ಕೈಯನ್ನಾಗಲಿ ಸೆರಗನ್ನಾಗಲಿ ಒಯ್ಯಕೂಡದು. ಬ್ಯಾಟರಿಯ ತಂತಿಯನ್ನೂ ಕಳಚಕೂಡದು. ಕಳಚಿದರೆ ವೋಲ್ಟೇಜು ಥಟ್ಟನೆ ಏರಿ ಡಯೋಡುಗಳು ಸುಟ್ಟುಹೋಗಬಹುದು.

ಮಧ್ಯಾಹ್ನದ ವೇಳೆಗೆ ನಾವು ಘಾಟಿಯನ್ನು ಇಳಿದಿದ್ದೆವು. ಮಳೆ ಇನ್ನೂ ಸುರಿಯುತ್ತಲೇ ಇತ್ತು; ದೀಪಗಳು ಚೆನ್ನಾಗಿ ಉರಿಯುತ್ತಿದ್ದುವು.